ಇನಾರಿಯಿಂದ, ಕಲೆಗಳಿರುವಾಗ

ಎದ್ದವಳೇ ಸೂರ್ಯನ ಮುಖ ನೋಡುತ್ತೇನೆ,
ಬರಿಗಣ್ಣಲ್ಲಲ್ಲ, ಹಳೆಯ ದುರ್ಬೀನಿನಿಂದ
ಅಡುಗೆಮನೆ ಗೋಡೆಯ ಬಿಳಿ ಹಾಳೆಗೆ ಬೀಳಿಸಿ.
ತಟ್ಟೆಯಗಲ ಬೆಳಕು. ಅದರೊಳಗೆ
ಇವತ್ತು ಹದಿನಾಲ್ಕು ಕಲೆ.
ಒಂದಂತೂ ಗಸಗಸೆಯಲ್ಲ, ಮೆಣಸಿನ ಕಾಳು.
ಪೆನ್ಸಿಲಿನಿಂದ ಸುತ್ತು ಹಾಕಿ ತಾರೀಕು ಬರೆದೆ.

ಕಲೆ ಕಂಡರೆ ಜನ ತಿಕ್ಕುತ್ತಾರೆ.
ನಾನು ಎಣಿಸುತ್ತೇನೆ.
ಕಲೆ ಹೆಚ್ಚಿದಷ್ಟೂ ಮೇಲೆ, ಬಲು ಮೇಲೆ,
ಗಾಳಿಯೆನ್ನಲೂ ಬಾರದ ಗಾಳಿ
ಹಾಲು ಹೆಪ್ಪಾದಂತೆ ಗಟ್ಟಿಯಾಗುತ್ತದೆ.
ಅದಕ್ಕೆ ತಾಗಿ ನನ್ನ ಸಣ್ಣ ದನಿ
ಬಾಗಿ, ಕಡಲಿಗಿಳಿದು, ಪುಟಿದು, ಮತ್ತೆ ಬಾಗಿ
ಉರುಗ್ವೆಯ ಒಬ್ಬ ಜೇನು ಸಾಕುವವನ ಕೋಣೆಗೆ
ಬಾಗಿಲು ತಟ್ಟದೆ ಹೋಗುತ್ತದೆ.

ಕಲೆಯಿಲ್ಲದ ವರ್ಷ ಅದೇ ದನಿ
ನೆಟ್ಟಗೆ ನಕ್ಷತ್ರಗಳ ಕಡೆ ಹೋಗಿಬಿಡುತ್ತದೆ.
ಅಲ್ಲಿಂದ ಯಾರೂ ರಸೀದಿ ಕಳಿಸಿಲ್ಲ.

ಮೂವತ್ತೊಂದು ವರ್ಷ ಈ ಸರೋವರದ ಸುತ್ತ
ಅಂಚೆ ಹಂಚಿದವಳು ನಾನು,
ಬೇಸಿಗೆಗೆ ದೋಣಿ, ಚಳಿಗೆ ಹಿಮದ ಬಂಡಿ.
ತಲುಪದ ಕಾಗದದಲ್ಲಿ
ಕಾಗದದ ತಪ್ಪೇನಿಲ್ಲವೆಂದು ಬಲ್ಲೆ.

ಎಪ್ಪತ್ತೊಂಬತ್ತು, ಅಕ್ಟೋಬರ್, ಹತ್ತು ಮೀಟರ್ ಬ್ಯಾಂಡು.
*ಹೆಸರು ಎಲಾದಿಯೊ. ಊರು ಕಾಸ್ತಿಯೋಸ್. ಹವೆ ವಸಂತ.
ಜೇನುಪೆಟ್ಟಿಗೆ ನಲವತ್ತು.*
*ಹೆಸರು ಹಿಲ್ಕಾ. ಹವೆ ಸೊನ್ನೆಗೆ ಒಂಬತ್ತು ಕೆಳಗೆ.
ಜೇನಿಲ್ಲ. ಸೊಳ್ಳೆ ಉಂಟು, ಜುಲೈಯಲ್ಲಿ.*
ಅವನು ನಕ್ಕದ್ದು ಮೋರ್ಸಿನಲ್ಲಿ ಬಂತು:
ಚಿಕ್ಕಿ ಚಿಕ್ಕಿ ಗೆರೆ, ಚಿಕ್ಕಿ ಚಿಕ್ಕಿ.

ಆಮೇಲೆ ಬಾಗಿಲು ಮುಚ್ಚಿತು.

ಎಂಬತ್ತೊಂಬತ್ತರಲ್ಲಿ ಪೆಟ್ಟಿಗೆ ನೂರ ಹತ್ತು, ಮಗಳೊಬ್ಬಳು.
ಎರಡು ಸಾವಿರದ ಒಂದರಲ್ಲಿ ಹುಳಕ್ಕೆ ರೋಗ, ಪೆಟ್ಟಿಗೆ ಹನ್ನೆರಡು.
ನಾನು ತಿಳಿಸಿದೆ: ಸುಲೋ ಹೋದ, ನನ್ನ ಗಂಡ.
ಅತ್ತ ಕೀಲಿ ಎಷ್ಟೋ ಹೊತ್ತು ಅಲುಗಲಿಲ್ಲ.
ಬ್ಯಾಂಡು ಕೆಟ್ಟಿತೆಂದುಕೊಂಡೆ. ಕೆಟ್ಟಿರಲಿಲ್ಲ.
ಹದಿನಾಲ್ಕರಲ್ಲಿ ಸೂರ್ಯನೇ ಸೋಮಾರಿ,
ನಾಲ್ಕು ನಿಮಿಷ ಸಿಕ್ಕಿದ.

ಫೋನಿಲ್ಲವೇ, ಇಂಟರ್ನೆಟ್ಟಿಲ್ಲವೇ,
ಅನ್ನುತ್ತಾಳೆ ಅಂಗಡಿಯ ಸೈಯಾ.
ಇದೆ ತಾಯಿ.
ಬತ್ತಿದ ಹೊಳೆಯಲ್ಲಿ ನಡೆದು ಹೋದವರನ್ನು
ಈಜು ಬಲ್ಲವರೆನ್ನುತ್ತಾರೆಯೇ?

ಹೋದ ವಾರ ಆ ಮೆಣಸಿನ ಕಾಳೇ ಸಿಡಿಯಿತು.
ರೇಡಿಯೋ ಪೂರ್ತಿ ಮೂಕ,
ಹತ್ತಿ ತುರುಕಿದಂಥ ಮೂಕ.
ಮರುರಾತ್ರಿಯಿಂದ ಆಕಾಶ ಕೆಂಪು, ಹಸಿರು, ಮತ್ತೆ ಕೆಂಪು.
ಬಸ್ಸುಗಟ್ಟಲೆ ಪ್ರವಾಸಿಗಳು ತಲೆಯೆತ್ತಿ
ಓಹೋ ಎನ್ನುತ್ತಿದ್ದರು ಹಿಮದಲ್ಲಿ ನಿಂತು.
ನಾನು ಒಳಗೆ ಹೆಡ್‌ಫೋನ್ ಹಾಕಿಕೊಂಡು ಬೈಯುತ್ತಿದ್ದೆ.
ಕಿವಿಯಲ್ಲಿ ಉಪ್ಪು ಹುರಿಯುವ ಸದ್ದು, ಅಷ್ಟೇ.
ತೆರೆದವನೇ ಅಗುಳಿ ಹಾಕಿದ,
ಹಾಕಿ ಅದಕ್ಕೆ ರೇಷ್ಮೆ ಪರದೆ ಬೇರೆ.

ಇವತ್ತು ಮಧ್ಯಾಹ್ನ ತುಸು ತಿಳಿಯಾಯಿತು.
ಅವನದೇ ಕರೆಗುರುತು. ಕೈ ಅವನದಲ್ಲ.
ಗುರುವಿಗೆ ಉಸಿರು ಸಾಲದು, ಲಘು ಎಡವುತ್ತದೆ,
ಒಂದೊಂದು ಅಕ್ಷರ ಹೊಸಿಲು ದಾಟುವ ಮಗು.
ಮೊಮ್ಮಗನಿರಬೇಕು, ಎಂದುಕೊಂಡೆ.
*ಎಲಾದಿಯೊ. ಬಲಗೈ ಹೋಯಿತು.
ಎಡಗೈ ಕಲಿಯುತ್ತಿದೆ. ಪೆಟ್ಟಿಗೆ ಮೂರು.*

ನನ್ನ ವೇಗ ತಗ್ಗಿಸಿದೆ,
ಹೊಸ ಮಂಜುಗಡ್ಡೆಯ ಮೇಲೆ
ಕೋಲು ಕುಟ್ಟಿ ಕುಟ್ಟಿ ನಡೆದಂತೆ.
ಅಂಚೆಚೀಲ ಹೊತ್ತು ಹಾಗೆ ಎಷ್ಟು ಸಲ ನಡೆದಿದ್ದೇನೆ.

ಮುಂದಿನ ಕಲೆಗಳ ಹೊತ್ತಿಗೆ ನನಗೆ ಎಂಬತ್ತು.
ಅವನು ಅದನ್ನು ಕೇಳಲಿಲ್ಲ, ನಾನು ಹೇಳಲಿಲ್ಲ.
*ಇವತ್ತು ಎಷ್ಟು?* ಅಂದ.
*ಹದಿನಾಲ್ಕು.*
*ಇಲ್ಲ. ಹದಿನೈದು. ಸರಿಯಾಗಿ ನೋಡು.*

ಎದ್ದು ನೋಡಿದೆ. ಸೂರ್ಯ ಮೋಡದ ಹಿಂದೆ,
ಹಾಳೆ ಬರೀ ಹಾಳೆ.
ಆದರೂ ಅಂಚಿನಲ್ಲೊಂದು ಚುಕ್ಕಿ ಸೇರಿಸಿದೆ,
ಪೆನ್ಸಿಲಿನಲ್ಲೇ,
ಅಳಿಸಲು ಬರುವಂತೆ.